ತಳಕ್ಕೆ ಕೂತ ತಿಳಿ

“ಏನೋ ಒಂದು ಕಮ್ಮಿ ಇದೆಯಲ್ಲ” ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಹುಳಿಯಣ್ಣನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತುತ್ತಿತ್ತು. ಹೇಳುವವರು ಒಬ್ಬರೇ, ಇಬ್ಬರೇ? ಡಬ್ಬಿ ತೆರೆದು ಒಂದು ಗುಟುಕು ಎಳೆದವರೆಲ್ಲ ನಾಲಿಗೆಯನ್ನು ಲೊಟಕ್ಕೆಂದು ತಟ್ಟಿ, ಸೂರು ನೋಡಿ, ಜಗತ್ತಿನಲ್ಲಿ ತಮಗೊಬ್ಬರಿಗೇ ಹೊಳೆದ ಸತ್ಯ ಎಂಬಂತೆ ಅದನ್ನೇ ಹೇಳುತ್ತಿದ್ದರು.

“ಕಮ್ಮಿ ಇರೋದು ಸಕ್ಕರೆ ಸ್ವಾಮಿ. ಡಬ್ಬಿ ಮೇಲೆ ಬೆರಳು ದಪ್ಪದ ಅಕ್ಷರದಲ್ಲಿ ಬರೆದಿದೀವಿ, ಸಕ್ಕರೆ ಇಲ್ಲ ಅಂತ. ಬಾವಿಗೆ ಇಳಿದವನು ನೀರು ಒದ್ದೆ ಇದೆ ಅಂದ್ರೆ ನಾನೇನು ಮಾಡ್ಲಿ?” ಎನ್ನುತ್ತಿದ್ದ ಹುಳಿಯಣ್ಣ.

ಆ ಪಾನೀಯದ ಹೆಸರು ತಿಳಿ. ನಿಂಬೆ ಮತ್ತು ಕಿತ್ತಳೆ ಸಿಪ್ಪೆಯ ಸಾರ, ಒಂದಿಷ್ಟು ಹುಳಿ, ಗ್ಯಾಸು ತುಂಬಿದ ನೀರು, ಸಕ್ಕರೆಯ ಜಾಗದಲ್ಲಿ ಬೊಗಸೆಯಷ್ಟು ಬಿಳಿ ಪುಡಿ. ಇವನ್ನು ಬೆರೆಸುವ ಕೋಣೆಗೆ ಹುಳಿಯಣ್ಣನೇ ಹಿರಿಯ. ತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅಂಗಿ ಬಿಚ್ಚಿ ಒಗೆದರೂ ಮೈಯಿಂದ ನಿಂಬೆಯ ವಾಸನೆ ಹೋಗುತ್ತಿರಲಿಲ್ಲ ಎಂದು ಕೆಲವರು, ಮುಖ ನೋಡಿದರೆ ಹಲ್ಲು ಚುಳ್ಳೆನ್ನುತ್ತದೆ ಎಂದು ಕೆಲವರು, ಅಂತೂ ಎಲ್ಲರೂ ಸೇರಿ ಅವನನ್ನು ಹುಳಿಯಣ್ಣ ಮಾಡಿದ್ದರು.

ತಿಳಿ ಹುಟ್ಟಿದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಕಾರ್ಖಾನೆ ಕಟ್ಟಿದ ದೊಡ್ಡ ಯಜಮಾನರು ಸಕ್ಕರೆ ಪಾಕದಿಂದಲೇ ಮನೆ, ಮಹಡಿ, ಮೋಟಾರು ಮಾಡಿಕೊಂಡವರು. ದಿನಕ್ಕೆ ನಾಲ್ಕಾರು ಬಾಟಲಿ ತಮ್ಮದೇ ಕಿತ್ತಳೆ ನೀರು ಕುಡಿದು, ಒಂದು ದಿನ ವೈದ್ಯರ ಮುಂದೆ ಕೂತಾಗ ಅವರು ಹೇಳಿದರು: ಇನ್ನು ನಿಮ್ಮ ಸರಕು ನೀವು ಮುಟ್ಟುವ ಹಾಗಿಲ್ಲ. ಕಡಲೆ ಕೈಗೆ ಬಂದ ಹೊತ್ತಿಗೆ ಹಲ್ಲು ಉದುರಿತು ಎನ್ನುತ್ತಾರಲ್ಲ, ಹಾಗಾಯಿತು ಅವರ ಪಾಡು. ಮರುದಿನ ಬೆರೆಸುವ ಕೋಣೆಗೆ ಬಂದು, ಬಾಟಲಿ ತೊಳೆಯುವ ಸಾಲಿನಿಂದ ಆಗಷ್ಟೇ ಒಳಗೆ ಬಂದಿದ್ದ ಹುಳಿಯಣ್ಣನ ಮುಂದೆ ಕೋಲು ಕುಟ್ಟಿದರು.

“ಸಕ್ಕರೆ ಇಲ್ಲದ್ದು ಒಂದು ಮಾಡು. ನನ್ನ ಫ್ಯಾಕ್ಟರೀಲಿ ನನಗೇ ಕುಡಿಯೋಕೆ ಏನಿಲ್ಲ ಅಂದ್ರೆ ನಾನು ಯಾವ ಸೀಮೆ ಯಜಮಾನ?”

ಹಾಗೆ ಹುಟ್ಟಿದ ಕೂಸಿಗೆ ಯಜಮಾನರು ಇಟ್ಟ ಹೆಸರು ‘ಪಥ್ಯದ ನಿಂಬೆ’. ಕಂದು ಬಾಟಲಿ, ಬಿಳಿ ಚೀಟಿ. ಅಂಗಡಿಯವರು ಅದನ್ನು ಕೆಮ್ಮಿನ ಔಷಧಿಯ ಪಕ್ಕದಲ್ಲಿ ಇಟ್ಟರು. ಕೊಂಡವರು ಊಟದ ಮುಂಚೆಯೋ ಆಮೇಲೋ, ಎಷ್ಟು ಚಮಚ ಎಂದು ಕೇಳಿದರು. ಆಗಿನ ಬಿಳಿ ಪುಡಿಗೆ ಬೀಗದ ಕೈ ಚೀಪಿದಂಥ ರುಚಿ ಬೇರೆ. ಅದನ್ನು ಮುಚ್ಚಲು ಹುಳಿಯಣ್ಣ ಸಿಪ್ಪೆಯ ಕಹಿಯನ್ನು ತುಸು ಹೆಚ್ಚು ಮಾಡಿದ. ಕಹಿ ಪುಡಿಯದಲ್ಲ, ಹಣ್ಣಿನದು ಎಂದು ಜನ ತಿಳಿಯಲಿ ಎಂಬ ಉಪಾಯ. ಉಪಾಯ ಫಲಿಸಿತು. ಹೆಸರು ತಿಳಿ ಎಂದಾಯಿತು, ಬಾಟಲಿ ಹಸಿರಾಯಿತು. ಯಜಮಾನರು ಕೊನೆಯ ಉಸಿರಿನವರೆಗೂ ಅದನ್ನೇ ಕುಡಿದರು, ಮತ್ತು ಕೊನೆಯ ಉಸಿರಿನವರೆಗೂ ಏನೋ ಒಂದು ಕಮ್ಮಿ ಇದೆ ಎಂದರು.

ಆಮೇಲೆ ಬಂದರು ನೋಡಿ ಜಾಹೀರಾತಿನವರು. ಹೊಲ ಉಳದವನಿಗೆ ಬೆಳೆಯ ಮೇಲೆ ಬಾಯಿ ದೊಡ್ಡದು. ಒಬ್ಬ ಬಂದು ‘ತಿಳಿ ಲೈಟ್’ ಎಂದ. ಇನ್ನೊಬ್ಬ ಬಂದು ಬಾಟಲಿ ಬಿಟ್ಟು ಡಬ್ಬಿ ಹಿಡಿಸಿದ, ಡಬ್ಬಿಯ ಮೇಲೆ ಒಂಟಿಕಾಲಲ್ಲಿ ಕುಣಿಯುವ ಹುಡುಗಿಯ ಚಿತ್ರ ಹಾಕಿಸಿದ. ತಿಳಿ ಕುಡಿಯುತ್ತಿದ್ದವರಲ್ಲಿ ಮುಕ್ಕಾಲು ಪಾಲು ಮಂಡಿ ನೋವಿನವರು. ಆ ಹುಡುಗಿಯನ್ನು ನೋಡಿಯೇ ಅವರಿಗೆ ಸೊಂಟ ಹಿಡಿಯಿತು. ಮೂರನೆಯವನು ‘ತಿಳಿ ಝೀರೋ’ ಎಂದ. “ಸೊನ್ನೆ ಬರೆದ್ರೆ ಸೊನ್ನೆನೇ ಬರೋದು” ಎಂದ ಹುಳಿಯಣ್ಣ. ಹಾಗೆಯೇ ಬಂತು. ಕೊನೆಗೆ ಸುತ್ತಿ ಸುತ್ತಿ ಮತ್ತೆ ಬರೀ ತಿಳಿ. ಇಷ್ಟರಲ್ಲಿ ಒಳಗಿದ್ದದ್ದು ಬದಲಾದದ್ದು ಒಮ್ಮೆಯೋ ಎರಡು ಸಲವೋ. ಅದೂ ಒಳ್ಳೆಯ ಪುಡಿ ಸಿಕ್ಕಾಗ, ಅದೂ ಹುಳಿಯಣ್ಣನ ನಾಲಿಗೆ ಒಪ್ಪಿದ ಮೇಲೆ. ಗ್ಯಾಸು, ಹುಳಿ ನೋಡಲು ಪರೀಕ್ಷೆಯ ಕೋಣೆಯಿತ್ತು. ಸಿಹಿಯ ವಿಷಯಕ್ಕೆ ಅವನ ನಾಲಿಗೆಯೇ ಕೊನೆಯ ಮಾತು. ತಿಳಿಯ ಟ್ಯಾಂಕಿನ ಹತ್ತಿರ ಅವನು ಇನ್ನೊಬ್ಬರ ನೆರಳೂ ಬೀಳಗೊಡುತ್ತಿರಲಿಲ್ಲ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನ ಹೆಂಡತಿಗೂ ಸಕ್ಕರೆ ಕಾಯಿಲೆ ಬಂತು. ಬಿಸ್ಕತ್ತು ಹೋಯಿತು, ಕಾಫಿಯ ಸಿಹಿ ಹೋಯಿತು, ಮದುವೆ ಮನೆಗಳಲ್ಲಿ ಎಲೆ ಮುಂದೆ ಕೈಕಟ್ಟಿ ಕೂರುವ ಸ್ಥಿತಿ ಬಂತು. ಉಳಿದದ್ದು ಒಂದೇ: ಮಧ್ಯಾಹ್ನ ಊಟವಾದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಒಂದು ಡಬ್ಬಿ ತಿಳಿ. ಕಾರ್ಖಾನೆಯಿಂದ ವಾರಕ್ಕೊಂದು ಕ್ರೇಟು ಬರುತ್ತಿತ್ತು.

“ನಿಮ್ಮ ಸಪ್ಪೆ ನೀರು ಖಾಲಿ ಆಯ್ತು” ಎನ್ನುವಳು.

“ಸಪ್ಪೆ ಅಂತೀಯ, ಆದ್ರೆ ಒಂದು ದಿನ ತಪ್ಪಿದ್ರೆ ಮನೆ ತಲೆ ಮೇಲೆ ಹೊತ್ಕೊಂಡು ಕುಣೀತೀಯ.”

“ಗಂಡನೂ ಸಪ್ಪೆನೇ. ಅಭ್ಯಾಸ ಆಗಿದೆ.”

ಈ ಬೇಸಿಗೆಯ ಮೊದಲಲ್ಲಿ ದೊಡ್ಡ ಯಜಮಾನರ ಮಗಳು ಹುಳಿಯಣ್ಣನನ್ನು ಕರೆಸಿದರು. ಈಗ ಕಾರ್ಖಾನೆ ಅವರದೇ. ಎಲ್ಲರೂ ಮೇಡಂ ಎನ್ನುತ್ತಿದ್ದರು. ಚಿಕ್ಕವರಿದ್ದಾಗ ಖಾಲಿ ಕ್ರೇಟುಗಳ ಮೇಲೆ ಹತ್ತಿ ಆಡಿದವರು, ಹುಳಿಯಣ್ಣನ ಹೆಗಲ ಮೇಲಿಂದ ಇಳಿಯಲೊಲ್ಲೆ ಎಂದು ಅತ್ತವರು. ಅದಕ್ಕೇ ಅವರಿಗೂ ಮಾತು ಕಷ್ಟವಾಯಿತು.

“ತಿಳಿ ಯಾರೂ ಕುಡೀತಿಲ್ಲ ಹುಳಿಯಣ್ಣ. ನೀವು ಬೇಜಾರು ಮಾಡ್ಕೊಬೇಡಿ. ಈ ಬೇಸಿಗೇಲಿ ಖರ್ಚಾದ್ರೆ ಸರಿ. ಇಲ್ಲಾಂದ್ರೆ ನಿಲ್ಲಿಸಿಬಿಡೋಣ.”

“ಕುಡಿಯೋರು ಕುಡೀತಿದಾರೆ ಮೇಡಂ.”

“ಯಾರು?”

ಹುಳಿಯಣ್ಣನಿಗೆ ತಕ್ಷಣ ಹೊಳೆದದ್ದು ಹೆಂಡತಿಯ ಹೆಸರೊಂದೇ. ಅದನ್ನು ಹೇಳಿದರೆ ಪ್ರಯೋಜನವಿಲ್ಲವೆಂದು ಎದ್ದು ಬಂದ. ಸಾಕಿ ಬೆಳೆಸಿದ ಕೂಸನ್ನು ಕೈಬಿಡು ಎಂದಂತೆ ಆಗಿತ್ತು ಅವನಿಗೆ. ಬೇಸಿಗೆಯೆಲ್ಲ ಹಲ್ಲು ಕಚ್ಚಿ ನಿಂತು, ಎಂದೂ ಮಾಡದಷ್ಟು ಒಳ್ಳೆಯ ತಿಳಿ ಮಾಡುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಕಣ್ಣಿನ ಪೊರೆ ಬಲಿತಿದೆ, ಈಗಲೇ ತೆಗೆಯಬೇಕು, ಆಮೇಲೆ ಕೆಲವು ವಾರ ಹೊಗೆ, ಹಬೆ, ಹುಳಿಯ ಹತ್ತಿರ ಹೋಗಕೂಡದು ಎಂದರು ಕಣ್ಣಿನ ವೈದ್ಯರು. ದರಿದ್ರ ಬಂದಾಗ ನೆಂಟರೂ ಬರುತ್ತಾರಲ್ಲ.

ನೆಂಟ ಎಂದರೆ ಇಲ್ಲಿ ಸುಮ್ಮನೆ ಹೇಳಿದ್ದಲ್ಲ. ಆ ವಾರಗಳಿಗೆ ತಿಳಿಯನ್ನು ನೋಡಿಕೊಳ್ಳಲು ಬಂದವನು ಹೆಂಡತಿಯ ತಮ್ಮನೇ. ನಲವತ್ತು ದಾಟಿದವನು, ಅಕ್ಕನ ಕಾಟ ತಡೆಯಲಾರದೆ ಹುಳಿಯಣ್ಣನೇ ಕೆಲಸಕ್ಕೆ ಸೇರಿಸಿದ್ದ. ಅಷ್ಟೂ ವರ್ಷ ಕಿತ್ತಳೆ ನೀರು ಬೆರೆಸುವ ಕಡೆ ಇದ್ದ. ಕೆಟ್ಟವನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅದೇ ತೊಂದರೆ.

ಬೆರೆಸುವ ಕೋಣೆಯಲ್ಲಿ ಒಂದು ಗಾಜಿನ ಕಡ್ಡಿ ಇರುತ್ತಿತ್ತು, ಬುಡದಲ್ಲಿ ಸೀಸದ ಗುಂಡು, ಮೈಮೇಲೆ ಕೆಂಪು ಗೆರೆ. ಟ್ಯಾಂಕಿನಿಂದ ಒಂದು ಉದ್ದನೆಯ ಲೋಟ ತುಂಬಿ ಅದರಲ್ಲಿ ಕಡ್ಡಿ ಬಿಟ್ಟರೆ, ಸಕ್ಕರೆ ಹೆಚ್ಚಿದ್ದಷ್ಟೂ ಅದು ಮೇಲೆ ಎದ್ದು ನಿಲ್ಲುತ್ತದೆ. ಬರೀ ನೀರಾದರೆ ಕತ್ತಿನವರೆಗೆ ಮುಳುಗುತ್ತದೆ. ಕಿತ್ತಳೆಯವರ ಇಡೀ ಬದುಕು ಆ ಕೆಂಪು ಗೆರೆಯಲ್ಲಿತ್ತು. ಹಿಂದಿನ ಷೆಡ್ಡಿನಲ್ಲಿ ಕಾಯ್ದ ಪಾಕ ಪೈಪಿನಲ್ಲಿ ಬಂದು ನೀಲಿ ನಲ್ಲಿಯಲ್ಲಿ ಇಳಿಯುತ್ತಿತ್ತು. ಗೆರೆ ನೀರಿನ ಮಟ್ಟಕ್ಕೆ ಬರುವವರೆಗೆ ನಲ್ಲಿ ಬಿಡು, ಬಂದೊಡನೆ ನಿಲ್ಲಿಸು. ಅಷ್ಟೇ ಕೆಲಸ.

“ನೋಡು, ಪುಡಿ ಇಷ್ಟು, ಸಾರ ಇಷ್ಟು, ಹುಳಿ ಇಷ್ಟು. ಎಲ್ಲ ಗೋಡೆ ಮೇಲಿದೆ” ಎಂದ ಹುಳಿಯಣ್ಣ, ಮಬ್ಬುಗಣ್ಣಲ್ಲಿ ಗೋಡೆಯ ಕಡೆ ಕೈ ತೋರಿಸಿ. “ಮತ್ತೆ ಕಡ್ಡಿ ನೋಡದೆ ಟ್ಯಾಂಕು ಬಿಟ್ಟೀಯ, ಜೋಕೆ.”

“ಕಡ್ಡಿ ನಂಗೆ ಹೇಳ್ಕೊಡ್ತೀರಾ ಭಾವ? ಅದನ್ನ ನೋಡ್ತಾ ನೋಡ್ತಾ ನಂಗೂ ಪೊರೆ ಬಂದಿದೆ.”

“ಬಾಯಿ ಬೇಡ. ಕಡ್ಡಿ ಸರಿ ಇಲ್ದಿದ್ರೆ ಬಿಡಬೇಡ.”

“ಆಯ್ತು ಭಾವ. ಪ್ರಾಣ ಹೋದ್ರೂ ಬಿಡಲ್ಲ.”

ತಿಳಿಯಲ್ಲಿ ಕಡ್ಡಿ ಮುಳುಗುವುದೇ ಸರಿ, ಎದ್ದರೆ ತಪ್ಪು ಎಂಬುದನ್ನು ಹುಳಿಯಣ್ಣ ಹೇಳಲಿಲ್ಲ. ಹೇಳಬೇಕು ಎಂದು ಹೊಳೆಯಲೂ ಇಲ್ಲ. ಜೀವಮಾನವಿಡೀ ಒಬ್ಬನೇ ಮಾಡಿದ ಕೆಲಸದಲ್ಲಿ ಬೇರೆಯವರಿಗೆ ಏನು ಗೊತ್ತಿಲ್ಲ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಪೊರೆ ತೆಗೆಸಿ, ಒಂದು ಕಣ್ಣಿಗೆ ಹಸಿರು ಪರದೆ ಕಟ್ಟಿಸಿಕೊಂಡು ಹುಳಿಯಣ್ಣ ಮನೆಯಲ್ಲಿ ಕೂತ. ಮದುವೆಯಾದಂದಿನಿಂದ ಹಗಲು ಹೊತ್ತು ಇಷ್ಟು ದಿನ ಮನೆಯಲ್ಲಿ ಇದ್ದವನೇ ಅಲ್ಲ. ಅವನಿಗೂ ಹಿಂಸೆ, ಅವಳಿಗೂ ಹಿಂಸೆ. ನಲ್ಲಿ ತೊಟ್ಟಿಕ್ಕಿದರೆ ಕೂಗುವನು, ಪಾತ್ರೆ ಸದ್ದಾದರೆ ಕೂಗುವನು. ಪೊರಕೆ ಎತ್ತಿದ್ದು ಯಾಕೆ, ಇಟ್ಟದ್ದು ಯಾಕೆ.

“ಕಣ್ಣಿಗೆ ತಾನೇ ಬಟ್ಟೆ ಕಟ್ಟಿರೋದು? ಬಾಯಿಗೂ ಕಟ್ಟಿ ಅಂತ ಆ ಡಾಕ್ಟರಿಗೆ ಹೇಳೋದು ಮರೆತೆ” ಎಂದಳು ಹೆಂಡತಿ.

ಮೊದಲ ಭಾನುವಾರ ಭಾವಮೈದುನ ಕ್ರೇಟು ಹೊತ್ತು ಬಂದ. ಮುಖ ಅರಳಿತ್ತು. “ಭಾವ, ತಿಳಿಗೆ ಕಾಲು ಬಂದಿದೆ. ಲಾರಿ ನಿಲ್ತಾ ಇಲ್ಲ. ಕುಡಿದೋರೆಲ್ಲ ಬಾಯಿ ಚಪ್ಪರಿಸ್ತಿದಾರೆ. ಮೇಡಂ ನನ್ನ ಬೆನ್ನು ತಟ್ಟಿದ್ರು.”

“ನಿನ್ನ ಬೆನ್ನನ್ನ?”

“ನನ್ನದೇ.”

ಹೆಂಡತಿಯೂ ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಒಂದು ಗುಟುಕು ಎಳೆದು, “ಅಲ್ರೀ, ಇದಕ್ಕೆ ಈಗ ಒಂದು ಮೈ ಬಂದಿದೆ ನೋಡಿ. ನೀವು ಇಲ್ಲದಾಗಲೇ ರುಚಿ” ಎಂದಳು. ಗಾಯದ ಮೇಲೆ ಉಪ್ಪು. ತಾನು ಪ್ರಾಣ ತೇಯ್ದ ವರ್ಷಗಳಲ್ಲಿ ಏಳದ ತಿಳಿ, ಈ ದಡ್ಡನ ಕೈಗೆ ಬಂದೊಡನೆ ಎದ್ದು ಓಡುತ್ತದೆ ಎಂದರೆ ಏನರ್ಥ? ತನ್ನ ಕೂಸು ಉಳಿಯಿತಲ್ಲ ಎಂಬ ಸಂತೋಷ ಒಂದು ಕಡೆ, ಉಳಿಸಿದವನು ತಾನಲ್ಲ ಎಂಬ ಸಂಕಟ ಇನ್ನೊಂದು ಕಡೆ. “ಒಂದು ಗುಟುಕು ನೋಡಿ” ಎಂದು ಅವಳು ಡಬ್ಬಿ ಚಾಚಿದರೆ, “ನಾನು ಮಾಡದ್ದನ್ನ ನಾನು ಮುಟ್ಟಲ್ಲ” ಎಂದು ಮುಖ ತಿರುಗಿಸಿದ. ಮುಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಜಂಬಕ್ಕೆ ಮದ್ದಿಲ್ಲ.

ರುಚಿ ಹತ್ತಿತು ಎಂದು ಅವಳು ದಿನಕ್ಕೆ ಎರಡು ಡಬ್ಬಿ ಮಾಡಿದಳು. ಸಕ್ಕರೆ ಇಲ್ಲದ್ದು ತಾನೇ, ಎರಡಾದರೇನು, ಮೂರಾದರೇನು?

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ನರ್ಸಮ್ಮ ಬೆರಳು ಚುಚ್ಚಿ ನೋಡಿ ಹುಬ್ಬು ಏರಿಸಿದಳು. ಅಂಕಿ ಮೇಲೆ ಹೋಗಿತ್ತು. ಅದರ ಮುಂದಿನ ಸಲ ಇನ್ನೂ ಮೇಲೆ. ಚಪ್ಪಲಿ ಉಜ್ಜಿ ಹಿಮ್ಮಡಿಯಲ್ಲಿ ಎದ್ದಿದ್ದ ಬೊಬ್ಬೆ ಒಣಗುವ ಬದಲು ಹಸಿಯಾಗಿಯೇ ಕೂತಿತ್ತು. ವೈದ್ಯರು ಮಾತ್ರೆ ಹೆಚ್ಚಿಸಿ, ಕಾಲನ್ನು ಜೋಪಾನ ಮಾಡಿ ಎಂದು ಎರಡು ಸಲ ಹೇಳಿದರು. ಒಂದೇ ವಿಷಯವನ್ನು ವೈದ್ಯರು ಎರಡು ಸಲ ಹೇಳಿದರೆ ಅದರ ಅರ್ಥ ಹುಳಿಯಣ್ಣನಿಗೆ ಗೊತ್ತಿತ್ತು. ಭಯವಾಯಿತು. ಅವನ ಭಯ ಯಾವಾಗಲೂ ಸಿಟ್ಟಿನ ಅಂಗಿ ತೊಟ್ಟೇ ಹೊರಗೆ ಬರುವುದು.

“ಕದ್ದು ಏನು ತಿಂತಿದೀಯ, ನಿಜ ಹೇಳು.”

“ಏನೂ ಇಲ್ಲ.”

“ಏನೂ ಇಲ್ದೆ ರಕ್ತದಲ್ಲಿ ಸಕ್ಕರೆ ಗಾಳೀಲಿ ಬಂತಾ?”

“ನಿಮ್ಮ ಮಾತಿಂದ ಬಂದಿರಬೇಕು, ಅಷ್ಟು ಸಿಹಿ.”

ಹುಳಿಯಣ್ಣ ಹುಡುಕತೊಡಗಿದ. ಹಿಟ್ಟಿನ ಡಬ್ಬದಲ್ಲಿ ಕೈ ಹಾಕಿದ, ದಿಂಬಿನ ಗವಸು ಒದರಿದ, ಅವಳ ಕೈಚೀಲ ಮಂಚದ ಮೇಲೆ ಸುರಿದ. ಸಿಕ್ಕಿದ್ದು ತಲೆನೋವಿನ ಮಾತ್ರೆ, ಹಳೇ ಬಸ್ಸು ಟಿಕೆಟು, ತುಂಡು ಬಾಚಣಿಗೆ. ಸಿಗದೇ ಹೋದದ್ದಕ್ಕೆ ಅನುಮಾನ ಇಮ್ಮಡಿಯಾಯಿತು. ಬಚ್ಚಿಡುವುದರಲ್ಲಿ ಎಂಥ ಕಿಲಾಡಿ ಇರಬೇಕು ಇವಳು! ಅವಳ ಅಕ್ಕನಿಗೆ ಫೋನು ಮಾಡಿ, “ನಿಮ್ಮ ತಂಗಿಗೆ ಬುದ್ಧಿ ಹೇಳಿ ಅತ್ತಿಗೆ, ನಾಲಿಗೆ ಚಪಲಕ್ಕೆ ಕಾಲು ಕಳ್ಕೊತಾಳೆ” ಎಂದ. ಪಕ್ಕದ ಮನೆಯ ದರ್ಜಿಗೆ, ಅವಳಿಗೆ ಸಿಹಿ ಏನಾದರೂ ತಂದುಕೊಟ್ಟೀಯ, ಜೋಕೆ ಎಂದು ಎಚ್ಚರಿಸಿದ. ನರ್ಸಮ್ಮನ ಮುಂದೆಯೂ, ಅವಳು ಪಕ್ಕದಲ್ಲೇ ಕೂತಿರುವಾಗ, “ಮನೇಲಿ ಕಳ್ಳಿ ಇಟ್ಕೊಂಡು ಎಷ್ಟಂತ ಕಾಯ್ಲಿ ತಾಯಿ?” ಎಂದ.

ಅವಳು ಅಂದಿನಿಂದ ಮಾತು ಕಡಿಮೆ ಮಾಡಿದಳು. ಊಟವೂ ಅರ್ಧ. ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ಕೂರುವುದೊಂದನ್ನು ಬಿಡಲಿಲ್ಲ.

ಕಣ್ಣಿನ ಪರದೆ ತೆಗೆದ ಮೇಲೆ ಹುಳಿಯಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆ ಅಂಗಡಿಗೆ ನಡೆದ. ಸಿಹಿ ತಿಂಡಿಯ ಮೂಲ ಅದೇ ಅಂಗಡಿ ಎಂದು ಅವನ ಗಟ್ಟಿ ನಂಬಿಕೆ. ಅಂಗಡಿಯವಳನ್ನು ಬಾಯಿ ಬಿಡಿಸುವುದು ಅವನ ಲೆಕ್ಕಾಚಾರ. ಅವನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. ತೋಳು ಮೊಣಕೈ ತನಕ ಒದ್ದೆಯಾಗಿತ್ತು, ಬೆರಳು ಮಂಜುಗಡ್ಡೆಯ ನೀರಿಗೆ ಕೆಂಪಾಗಿದ್ದವು.

“ಬಂದ್ರಾ? ನಿಮ್ಮನ್ನೇ ಬೈತಿದ್ದೆ. ಏನು ತುಂಬ್ತಿದೀರಿ ಡಬ್ಬಿಗೆ, ಕಲ್ಲಾ?”

“ಏನಾಯ್ತು?”

“ಆಗೋದೇನು, ನೋಡಿ ನೀವೇ.” ಅಂಗಡಿ ಮುಂದೆ ನೀರು, ಮಂಜುಗಡ್ಡೆ ತುಂಬಿದ ದೊಡ್ಡ ತೊಟ್ಟಿ ಇತ್ತು. “ಮೊದಲು ನಿಮ್ಮ ತಿಳಿ ಬಾತುಕೋಳಿ ಥರ ಮೇಲೆ ತೇಲ್ತಿತ್ತು. ಕಣ್ಣು ಮುಚ್ಚಿ ಎತ್ತಿಕೊಡ್ತಿದ್ದೆ. ತಳದಲ್ಲಿ ಕೂರೋದು ಕಿತ್ತಳೆ, ಮೇಲೆ ತೇಲೋದು ತಿಳಿ. ಈಗ ಎರಡೂ ತಳದಲ್ಲಿ. ಒಂದೊಂದು ಡಬ್ಬಿಗೂ ತೋಳು ಪೂರ್ತಿ ಅದ್ದಬೇಕು. ಸಂಧಿವಾತ ಬಂದ್ರೆ ನಿಮ್ಮ ಕಂಪನಿ ನೋಡುತ್ತಾ?”

ಹುಳಿಯಣ್ಣ ಕನ್ನಡಕ ಕಿತ್ತು ತೊಟ್ಟಿಯೊಳಗೆ ಬಗ್ಗಿದ. ಹೊಸ ಕಣ್ಣಿಗೆ ಎಲ್ಲವೂ ಬೇಡವೆಂದರೂ ಸ್ಪಷ್ಟವಾಗಿ ಕಾಣುತ್ತಿತ್ತು. ನೀರಿನ ತಳದಲ್ಲಿ, ಕಿತ್ತಳೆಯ ಡಬ್ಬಿಗಳ ನಡುವೆ, ಹಸಿರು ತಿಳಿ ಡಬ್ಬಿಗಳು ಕಲ್ಲಿನಂತೆ ಮಲಗಿದ್ದವು. ಸಕ್ಕರೆಯ ಭಾರವಿಲ್ಲದೆ ಆ ಡಬ್ಬಿ ಮುಳುಗುವುದಿಲ್ಲ. ಒಂದನ್ನು ಎತ್ತಿ, ತೆರೆದು, ಬಾಯಿಗಿಟ್ಟ. ನುಂಗಲಿಲ್ಲ. ಚರಂಡಿಯ ಕಡೆ ತಿರುಗಿ ಉಗುಳಿದ. ತುಟಿ ಅಂಟುತ್ತಿತ್ತು.

ಮನೆಗೆ ಓಡಿ ಹೋಗಿ ಹಿತ್ತಲಲ್ಲಿದ್ದ ಕ್ರೇಟು ಎತ್ತಿ ಬೀದಿಗೆ ಇಟ್ಟ. ಹೆಂಡತಿಯ ಕೈಯಲ್ಲಿದ್ದ ಡಬ್ಬಿಯನ್ನೂ ಕಿತ್ತುಕೊಂಡ. “ಗ್ಯಾಸು ಸರಿ ಇಲ್ಲ, ಕುಡೀಬೇಡ” ಎಂದಷ್ಟೇ ಹೇಳಿದ. ಅವಳು ಖಾಲಿಯಾದ ಕೈ ನೋಡಿಕೊಂಡಳು, ಅವನ ಮುಖ ನೋಡಿದಳು.

ಬೆರೆಸುವ ಕೋಣೆಯಲ್ಲಿ ಭಾವಮೈದುನ ಕುರ್ಚಿ ಎಳೆದು ಕೊಟ್ಟ. “ಬನ್ನಿ ಭಾವ. ಒಂದು ಖುಷಿ ವಿಷಯ ತೋರಿಸ್ತೀನಿ. ನಿಮ್ಮ ಟ್ಯಾಂಕಿನ ಮೇಲಿದ್ದ ನೀಲಿ ನಲ್ಲಿ ಎಷ್ಟು ವರ್ಷದಿಂದ ಜಾಮ್ ಆಗಿತ್ತೋ, ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು, ಸ್ಪ್ಯಾನರ್ ಹಾಕಿ, ನಾನೇ ಬಿಡಿಸಿದೆ. ಈಗ ಬೆಣ್ಣೆ ಥರ ತಿರುಗುತ್ತೆ.”

ಹುಳಿಯಣ್ಣ ನಲ್ಲಿಯನ್ನು ಮುಟ್ಟಿ ನೋಡಿದ. ಕೊಟ್ಟ ಕುರ್ಚಿಯಲ್ಲೇ ಕೂತ.

“ಅದನ್ನ ಯಾಕಪ್ಪ ಬಿಡಿಸಿದೆ?”

“ಮತ್ತೆ? ಕಡ್ಡಿ ಬಿಟ್ರೆ ಕತ್ತಿನ ತನಕ ಮುಳುಗ್ತಿತ್ತು ಭಾವ. ಕಡ್ಡಿ ಸರಿ ಇಲ್ದೆ ಬಿಡಬೇಡ ಅಂದಿದ್ರಲ್ಲ. ನಲ್ಲಿ ಬಿಟ್ಟೆ, ಕೆಂಪು ಗೆರೆಗೆ ಬಂದು ಸೈನಿಕನ ಥರ ನಿಂತ್ಕೊಳ್ತು.”

“ಇದರಲ್ಲಿ ಸಕ್ಕರೆ ಹಾಕಬಾರದು ಅಂತ ನಿಂಗೆ ಗೊತ್ತಿಲ್ವಾ?”

“ಗೊತ್ತು ಭಾವ. ಅದಕ್ಕೇ ಸಕ್ಕರೆ ಚೀಲದ ಕಡೆ ತಿರುಗಿ ಕೂಡ ನೋಡಲಿಲ್ಲ. ಒಂದು ಕಾಳು ಹಾಕಿದ್ರೆ ಕೇಳಿ. ನಲ್ಲಿ ಮಾತ್ರ ಬಿಟ್ಟೆ.”

“ನಲ್ಲೀಲಿ ಬರೋದೇನು, ತೀರ್ಥವಾ?”

ಭಾವಮೈದುನ ನಲ್ಲಿಯ ಕಡೆ ನೋಡಿದ, ಪೈಪಿನ ಕಡೆ ನೋಡಿದ, ಪೈಪು ಹೋಗಿ ಸೇರುವ ಷೆಡ್ಡಿನ ಕಡೆ ನೋಡಿದ. ಇಷ್ಟು ವರ್ಷ ದಿನವೂ ತಿರುಗಿಸಿದ ನಲ್ಲಿಯ ಆಚೆ ಏನಿದೆ ಎಂದು ಅವನು ಯೋಚಿಸಿದ್ದು ಅದೇ ಮೊದಲು. ಮುಖದ ಬಣ್ಣ ನಿಧಾನಕ್ಕೆ ಇಳಿಯಿತು.

“ಮತ್ತೆ ಆ ಬಿಳಿ ಪುಡಿ?” ಎಂದ ಹುಳಿಯಣ್ಣ, ಉತ್ತರ ಬೇಡವಾಗಿದ್ದರೂ.

“ಮೊದಲ ಟ್ಯಾಂಕಿಗೆ ಹಾಕಿದ್ದೆ. ಸಿಹಿ ವಾಕರಿಕೆ ಬರೋ ಅಷ್ಟಾಯ್ತು. ಅದನ್ನ ಚೆಲ್ಲಿ, ಆಮೇಲಿಂದ ಪುಡಿ ಬಿಟ್ಬಿಟ್ಟೆ. ದುಬಾರಿ ಪುಡಿ ಅಲ್ವಾ, ಉಳಿಸಿಟ್ಟಿದೀನಿ. ನೀವು ಬಂದ ಮೇಲೆ ಖುಷಿ ಪಡ್ತೀರ ಅಂತ.”

ಹುಳಿಯಣ್ಣ ಬೈಯಲು ಬಾಯಿ ತೆರೆದ. ಇವನಿಗೆ ಬೈದರೆ ಅರ್ಧ ತನಗೇ ಬಂದು ತಗಲುತ್ತಿತ್ತು. ಕಡ್ಡಿ ನೋಡು ಎಂದವನು ತಾನು. ಹೇಗೆ ನೋಡಬೇಕು ಎಂದು ಹೇಳದವನೂ ತಾನು.

ಮೇಡಂ ಎಲ್ಲವನ್ನೂ ಕೇಳಿ ಪೆನ್ನಿನ ಮುಚ್ಚಳ ಹಾಕಿದರು.

“ಹಾಗಾದ್ರೆ ಜನ ಮುಗಿಬಿದ್ದಿದ್ದು ಸಕ್ಕರೆಗೆ.”

“ಹೌದು ಮೇಡಂ.”

“ನೀವು ಇದನ್ನ ನನಗೆ ಹೇಳ್ದೇ ನಾಳೆಯಿಂದ ಸುಮ್ನೆ ಸರಿಮಾಡ್ಕೊಂಡು ಹೋಗಬಹುದಿತ್ತು. ಹೇಳಿದ್ರೆ ನಾನು ತಿಳಿ ನಿಲ್ಲಿಸ್ತೀನಿ ಅಂತ ಗೊತ್ತಿತ್ತಲ್ಲ?”

“ಗೊತ್ತಿತ್ತು. ಹೇಳದಿದ್ರೆ ಅಂಗಡೀಲಿರೋದನ್ನ ಯಾರು ವಾಪಸ್ ತರ್ತಾರೆ? ಅದನ್ನ ನಂಬಿ ಕುಡಿಯೋರು ಕಾಯಿಲೆಯೋರು. ಬೇರೆಯೋರು ಯಾಕೆ ಕುಡೀತಾರೆ ಹೇಳಿ, ಅಷ್ಟು ಸಪ್ಪೇನ?”

ತಿಳಿಯನ್ನು ಸಪ್ಪೆ ಎಂದು ಅವನ ಬಾಯಿಂದ ಮೊದಲ ಸಲ ಕೇಳಿ ಮೇಡಂ ತಲೆಯೆತ್ತಿದರು. ಆಮೇಲೆ ಲಾರಿಯವರನ್ನು ಕರೆಸಿದರು.

ಊರಿನ ಅಂಗಡಿ ಅಂಗಡಿಗೂ ಲಾರಿ ಹೋಯಿತು. ಹುಳಿಯಣ್ಣನೂ ಭಾವಮೈದುನನೂ ಒಂದೊಂದು ಬಕೆಟ್ಟು ಹಿಡಿದು ಹಿಂದೆ ನಿಂತಿದ್ದರು. ನೀರಿಗೆ ಹಾಕು: ಮುಳುಗಿದರೆ ಲಾರಿಗೆ, ತೇಲಿದರೆ ಅಂಗಡಿಗೆ. ಅಂಗಡಿಯವರು ಬೈದರು. ಇಷ್ಟು ದಿನಕ್ಕೆ ಒಂದು ಒಳ್ಳೆ ಸರಕು ಕೊಟ್ಟು ಅದನ್ನೂ ಕಿತ್ತುಕೊಂಡು ಹೋಗುತ್ತೀರಲ್ಲ ಎಂದರು. ಪ್ರತಿ ಅಂಗಡಿಯ ಗೋಡೆಗೂ, ತಿಳಿಯಲ್ಲಿ ತಪ್ಪಿ ಸಕ್ಕರೆ ಸೇರಿದೆ, ಸಕ್ಕರೆ ಕಾಯಿಲೆಯವರು ಕುಡಿಯಬೇಡಿ, ಕುಡಿದಿದ್ದರೆ ವೈದ್ಯರಿಗೆ ತಿಳಿಸಿ ಎಂದು ದೊಡ್ಡಕ್ಷರದ ಹಾಳೆ ಅಂಟಿಸಿದರು. ತಮ್ಮ ಕಾರ್ಖಾನೆಯ ಮೂತಿಗೆ ತಾವೇ ಸಗಣಿ ಬಳಿದ ಹಾಗೆ ಇತ್ತು.

ಅದರ ಮುಂದಿನ ದಿನದಿಂದ ಗೇಟಿನ ಮುಂದೆ ಜನ. ಕಲ್ಲು ಹೊಡೆಯಲು ಬಂದಿದ್ದಾರೆ ಎಂದು ಕಾವಲಿನವನು ಒಳಗೋಡಿ ಬಂದ. ಹುಳಿಯಣ್ಣ ಹೊರಗೆ ಹೋದ. ಹೆಚ್ಚಿನವರು ಅವನ ವಯಸ್ಸಿನವರು, ಕೆಲವರ ಕೈಯಲ್ಲಿ ಊರುಗೋಲು. ಎದುರಿಗೆ ನಿಂತಿದ್ದ ನಿವೃತ್ತ ಬಸ್ಸು ಚಾಲಕ ಗುಡುಗಿದ.

“ನನ್ನ ಸೊಸೆ ನನ್ನ ಜೇಬು ತಡಕಿದಾಳೆ ಕಣ್ರೀ. ಚಾಕಲೇಟ್ ಕದ್ದು ತಿಂತೀನಿ ಅಂತ. ಮೊಮ್ಮಕ್ಕಳ ಮುಂದೆ. ಬನ್ನಿ, ಬಂದು ಹೇಳಿ ಅವಳಿಗೆ.”

“ನಮ್ಮನೆಯೋರು ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದಾರೆ” ಎಂದಳು ಹಿಂದಿನಿಂದ ಒಬ್ಬ ಟೀಚರಮ್ಮ. “ಕೀಲಿ ಸೊಂಟದಲ್ಲಿ ಕಟ್ಕೊಂಡು ಓಡಾಡ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿದೋಳು ನಾನು.”

ಬಂದವರಲ್ಲಿ ಒಬ್ಬರೂ ಪರಿಹಾರ ಕೇಳಲಿಲ್ಲ. ತಾವು ಕಳ್ಳರಲ್ಲ ಎಂದು ತಮ್ಮ ತಮ್ಮ ಮನೆಗೆ ಯಾರಾದರೂ ಹೇಳಬೇಕು, ಅಷ್ಟೇ. ಹುಳಿಯಣ್ಣ ಕಾವಲಿನವನ ಕೋಣೆಯ ಫೋನು ಹಿಡಿದು ಕೂತ. ಒಬ್ಬೊಬ್ಬರೂ ನಂಬರು ಹೇಳಿ ಪಕ್ಕದಲ್ಲಿ ನಿಂತು, ಅವನು ಸರಿಯಾಗಿ ಹೇಳುತ್ತಾನೋ ಇಲ್ಲವೋ ಎಂದು ಕಿವಿಗೊಟ್ಟರು. “ಇಲ್ಲ ತಾಯಿ, ನಿಮ್ಮ ಮಾವನೋರು ಏನೂ ಕದ್ದು ತಿಂದಿಲ್ಲ. ತಪ್ಪು ನಮ್ಮದು.” “ಇಲ್ಲ ಸ್ವಾಮಿ, ಟೀಚರಮ್ಮ ಹೇಳಿದ್ದು ನಿಜ. ಬೀಗ ತೆಗೀರಿ.” ಬೈಸಿಕೊಂಡು ಬೈಸಿಕೊಂಡು ಕಿವಿ ಬಿಸಿಯಾಯಿತು. ಒಬ್ಬ ಮಗ, ನೀವು ನಮ್ಮಪ್ಪನ ಗೆಳೆಯ ಇರಬೇಕು, ಇಬ್ಬರೂ ಸೇರಿ ನಾಟಕ ಆಡ್ತಿದೀರಿ ಎಂದು ಫೋನು ಇಟ್ಟ. ಅವನಿಗೆ ಮತ್ತೆ ಮಾಡಬೇಕಾಯಿತು.

ಮೇಡಂ ಬಂದು ಬಾಗಿಲಲ್ಲಿ ನಿಂತಿದ್ದರು. ಟೀಚರಮ್ಮ ಅವರನ್ನೇ ಹಿಡಿದುಕೊಂಡಳು.

“ಮತ್ತೆ ಸರಿಯಾದ ತಿಳಿ ಯಾವಾಗ ಬರುತ್ತೆ?”

“ಇಷ್ಟೆಲ್ಲ ಆದ ಮೇಲೂ ಕುಡೀತೀರಾ?”

“ಇನ್ನೇನು ಕುಡಿಯೋದು? ಮಿಕ್ಕಿದ್ದರಲ್ಲೆಲ್ಲ ಸಕ್ಕರೆ. ಅದೇನು ಅಮೃತ ಅಂತಲ್ಲ, ಆದ್ರೆ ನಾಲ್ಕು ಜನ ಕೂತಾಗ ನನ್ನ ಕೈಯಲ್ಲೂ ಒಂದು ಡಬ್ಬಿ ಇರುತ್ತೆ.”

ಯಾರು ಕುಡಿಯುತ್ತಾರೆ ಎಂದು ಹುಳಿಯಣ್ಣನನ್ನು ಕೇಳಿದ್ದ ಮೇಡಂ ಗೇಟಿನ ಕಡೆ ನೋಡಿದರು. ಬಿಸಿಲಲ್ಲಿ ಕೋಲೂರಿ ನಿಂತವರು ಸರದಿ ಬಿಟ್ಟು ಕದಲಿರಲಿಲ್ಲ. ಸಂಜೆಯ ಹೊತ್ತಿಗೆ ಮೇಡಂ ತೀರ್ಮಾನ ಹೇಳಿದರು. ತಿಳಿ ನಿಲ್ಲುವುದಿಲ್ಲ. ಹಳೆಯ ಸಣ್ಣ ಯಂತ್ರ ಅದಕ್ಕೆ, ಆಗುವಷ್ಟು ಆಗಲಿ. ನೀಲಿ ನಲ್ಲಿಯನ್ನು ಆ ಟ್ಯಾಂಕಿನಿಂದ ಕತ್ತರಿಸಿ ತೆಗೆಯಬೇಕು. ಜನ ಮುಗಿಬಿದ್ದ ಸಕ್ಕರೆಯ ನಿಂಬೆಯನ್ನು ಬೇರೆ ಹೆಸರು, ಬೇರೆ ಬಣ್ಣದಲ್ಲಿ ದೊಡ್ಡ ಯಂತ್ರಕ್ಕೆ ಹಾಕಬೇಕು. ಅದರ ಉಸ್ತುವಾರಿ ಭಾವಮೈದುನನದು.

“ಇವನದಾ?” ಎಂದ ಹುಳಿಯಣ್ಣ.

“ಕಂಡುಹಿಡಿದೋರು ಅವರೇ ಅಲ್ವಾ?” ಎಂದರು ಮೇಡಂ.

ಹುಳಿಯಣ್ಣ ಟೋಪಿ ತೆಗೆದು ಮನೆಗೆ ನಡೆದ. ಕೂಸು ಉಳಿಯಿತು. ಅದನ್ನು ಮುಳುಗಿಸಿದವನಿಗೆ ಸಂಬಳ ಏರಿತು. ಈ ಪ್ರಪಂಚದ ಜೊತೆ ಜಗಳ ಆಡಿ ಪ್ರಯೋಜನವಿಲ್ಲ.

ಹೆಂಡತಿ ಕಾಲಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತುತ್ತಿದ್ದಳು. ಹುಳಿಯಣ್ಣ ಎದುರಿನ ಸ್ಟೂಲಿನ ಮೇಲೆ ಕೂತು ಕೆಮ್ಮಿದ.

“ಆ ಡಬ್ಬೀಲಿ… ಗ್ಯಾಸಿನ ತೊಂದರೆ ಅಲ್ಲ.”

“ಗೊತ್ತು. ತಮ್ಮ ಅವತ್ತೇ ಬಂದು ಅತ್ತು ಹೋದ.”

“ಅವತ್ತೇ? ಮತ್ತೆ ಯಾಕೆ ಸುಮ್ನಿದ್ದೆ?”

“ಊರೋರಿಗೆಲ್ಲ ಫೋನು ಮಾಡ್ತಿದಾರಂತಲ್ಲ, ನಮ್ಮನೆ ಸರದಿ ಯಾವತ್ತು ಬರುತ್ತೋ ನೋಡೋಣ ಅಂತ.”

“ತಪ್ಪಾಯ್ತು” ಎಂದ ಹುಳಿಯಣ್ಣ. ಆ ಮಾತು ಅವನ ಬಾಯಲ್ಲಿ ತುಕ್ಕು ಹಿಡಿದು ಕೂತಿತ್ತು, ಹೊರಗೆ ಬರುವಾಗ ಕರಕರ ಎಂದಿತು. “ನೀನು ಏನೂ ಕದ್ದಿಲ್ಲ.”

“ಕಾಲು ಹೆಂಗಿದೆ ಅಂತ ಕೇಳಿ.”

“ಹೆಂಗಿದೆ?”

“ಅಂಚು ಒಣಗ್ತಿದೆ. ಇವತ್ತು ಬೆಳಗ್ಗೆಯಿಂದ.” ಅವಳು ಬಟ್ಟೆಯ ತುದಿ ಗಂಟು ಹಾಕಿ, ಗೋಡೆ ಹಿಡಿದು ಎದ್ದು, ಹುಷಾರಾಗಿ ಚಪ್ಪಲಿಯಲ್ಲಿ ಕಾಲು ತೂರಿಸಿದಳು. “ನನಗೆ ಹೇಳಿದ್ದಾಯ್ತಲ್ಲ. ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಏಳಿ.”

“ಎಲ್ಲಿಗೆ?”

“ಮೊದಲು ದರ್ಜಿ ಮನೆ, ಅದು ಪಕ್ಕದಲ್ಲೇ ಇದೆ. ಆಮೇಲೆ ನರ್ಸಮ್ಮ. ಅಕ್ಕನಿಗೆ ಫೋನಲ್ಲಿ ಹೇಳಿದ್ರೆ ಸಾಲದು, ನಾಳೆ ಬಸ್ಸಿಗೆ ಹೋಗಿ ಎದುರಿಗೆ ಹೇಳಬೇಕು. ನಾನು ಪಕ್ಕದಲ್ಲಿ ನಿಂತ್ಕೊತೀನಿ.”

“ಈಗಲೇನಾ? ನನ್ನ ಕಣ್ಣು…”

“ಕಣ್ಣಿಗೇನು, ಹೊಸದಾಗಿದೆ. ದಾರಿ ಚೆನ್ನಾಗಿ ಕಾಣುತ್ತೆ.”

ಅವಳು ಆಗಲೇ ಬಾಗಿಲು ದಾಟಿದ್ದಳು. ಹುಳಿಯಣ್ಣ ಕಪ್ಪು ಕನ್ನಡಕ ಏರಿಸಿ, ಗೊಣಗುತ್ತ, ಅವಳ ಕುಂಟು ನಡೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡು ಹಿಂದೆ ಹೊರಟ. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಕತ್ತೆತ್ತಿ ನೋಡಿದ.